ಕಣದ ಪಾಲು

(ಸಾಲಿಗ್ರಾಮದಲ್ಲಿ ನೆರೆದ ಸದ್ಭಕ್ತರ ಸಭೆಯಲ್ಲಿ ದಯಪಾಲಿಸಿದ ಆಶೀರ್ವಚನ)



ಕಾವೇರಿಯ ದಂಡೆಯ ಈ ಸಾಲಿಗ್ರಾಮ ಬಹಳ ಹಳೆಯ ಊರು. ಇಲ್ಲಿ ಜೈನರ ಬಸದಿ ಇದೆ. ರಾಮಾನುಜಾಚಾರ್ಯರು ಈ ಊರಿಗೆ ಬಂದಿದ್ದರು. ಅವರ ಶಿಷ್ಯರಾದ ವಡುಗನಂಬಿಗಳು ಈ ಊರಿನವರೇ. ಬಸವಾದಿ ಶರಣರನ್ನು ನೆನೆಯುವ ಮನೆಗಳೂ ಈ ಸೀಮೆಯಲ್ಲಿ ಬೇಕಾದಷ್ಟು ಇವೆ. ಮತ ಹಲವು, ಮನೆ ಹಲವು. ಆದರೆ ಎಲ್ಲರ ಗದ್ದೆಗೂ ಬರುವ ನೀರು ಒಂದೇ. ನಾಲೆಯ ನೀರು ಯಾರ ಹಣೆಯನ್ನೂ ನೋಡಿ ಹರಿಯುವುದಿಲ್ಲ. ಕೃಷ್ಣರಾಜನಗರದ ಸೀಮೆಗೆ ಭತ್ತದ ಕಣಜ ಎಂದು ಹೆಸರು ಬಂದದ್ದು ಈ ನೀರಿನಿಂದ, ಮತ್ತು ಈ ನೀರಿನಲ್ಲಿ ಮೊಣಕಾಲುದ್ದ ನಿಂತು ನಾಟಿ ಹಾಕಿದ ತಾಯಂದಿರಿಂದ.

ಇಂಥ ಊರಿನಲ್ಲಿ ನಿಂತು ಅನ್ನದ ವಿಷಯ ಬಿಟ್ಟು ಬೇರೆ ಏನು ಮಾತನಾಡುವುದು? ಈ ಹೊತ್ತು ನಾವು ಕಾಯಕ ಮತ್ತು ದಾಸೋಹ ಎಂಬ ಎರಡು ಮಾತುಗಳನ್ನು ಒಂದು ಗದ್ದೆಯ ಎರಡು ವರ್ಷದ ಬೆಳೆಯನ್ನು ಮುಂದಿಟ್ಟುಕೊಂಡು ವಿಚಾರ ಮಾಡೋಣ.

ಮೊದಲು ದಾಸೋಹ ಎಂದರೇನು ಎಂಬುದನ್ನು ನೋಡೋಣ. ಅನೇಕರು ದಾನವನ್ನೂ ದಾಸೋಹವನ್ನೂ ಒಂದೇ ಎಂದು ತಿಳಿದಿದ್ದಾರೆ. ದಾನದಲ್ಲಿ ಕೊಡುವವನ ಕೈ ಮೇಲೆ, ತೆಗೆದುಕೊಳ್ಳುವವನ ಕೈ ಕೆಳಗೆ. ಕೊಟ್ಟವನ ಹೆಸರನ್ನು ಕಲ್ಲಿನ ಮೇಲೆ ಕೆತ್ತಿಸುತ್ತಾರೆ. ದಾಸೋಹದಲ್ಲಿ ಹಾಗಿಲ್ಲ. ಅಲ್ಲಿ ಕೊಡುವವನೇ ನಾನು ದಾಸ ಎನ್ನುತ್ತಾನೆ. ಇದು ನನ್ನದಲ್ಲ, ನನ್ನ ಕೈಯಿಂದ ಹಾದು ಹೋಗುತ್ತಿದೆ ಅಷ್ಟೇ ಎಂಬ ಭಾವ ಅವನದು. ಇಷ್ಟನ್ನು ತಾವೆಲ್ಲ ಕೇಳಿ ಬಲ್ಲಿರಿ. ಆದರೆ ಇದರೊಳಗೆ ಇನ್ನೊಂದು ಮಾತಿದೆ. ಇದ್ದಾಗ ಹಂಚಿಕೊಳ್ಳುವುದು ದಾಸೋಹದ ಅರ್ಧ ಭಾಗ ಮಾತ್ರ. ಇಲ್ಲದಾಗ ಆ ಇಲ್ಲದಿರುವುದನ್ನೂ ಹಂಚಿಕೊಳ್ಳುವುದು ಉಳಿದರ್ಧ. ಬೆಳೆದವನ ಲಾಭದಲ್ಲಿ ಪಾಲು ಕೇಳುವವರು ನೂರು ಜನ. ಅವನ ನಷ್ಟದಲ್ಲಿ ಪಾಲು ಕೇಳುವವರು ಎಷ್ಟು ಜನ?

ಈ ಸೀಮೆಯಲ್ಲಿ ನಮ್ಮ ಭಕ್ತರೊಬ್ಬರು ಇದ್ದಾರೆ. ಹೆಸರು ಹೇಳುವುದು ಬೇಡ, ಅದು ಅವರಿಗೂ ಇಷ್ಟವಿಲ್ಲ. ಎರಡು ಎಕರೆ ಗದ್ದೆ, ಒಂದು ಜೊತೆ ಎತ್ತು, ಎರಡು ನಾಟಿ ಹಸು. ಅವರು ಕೆಲವು ವರ್ಷಗಳಿಂದ ಸರ್ಕಾರಿ ಗೊಬ್ಬರ, ಔಷಧಿ ಎರಡನ್ನೂ ಬಿಟ್ಟು ರಾಜಮುಡಿ ಭತ್ತ ಬೆಳೆಯುತ್ತಾರೆ. ಅವರ ಗದ್ದೆಯನ್ನು ಹದಿನೈದು ಮನೆಯವರು ಹಿಡಿದುಕೊಂಡಿದ್ದಾರೆ. ಕೆಲವರು ಸಾಲಿಗ್ರಾಮದವರು, ಕೆಲವರು ಮೈಸೂರಿನವರು. ಕರಾರು ಸರಳ. ಯುಗಾದಿಗೆ ಅರ್ಧ ಹಣ, ನಾಟಿಗೆ ಉಳಿದರ್ಧ. ಕಣ ಆದ ಮೇಲೆ ಮನೆಗೆ ಒಂದು ಕ್ವಿಂಟಲ್ ಅಕ್ಕಿ. ಬೆಳೆದವರ ಮನೆಗೂ ಅದೇ ಒಂದು ಪಾಲು. ಹೀಗೆ ಹದಿನಾರು ಪಾಲು. ಬೆಳೆ ಕಡಿಮೆಯಾದರೆ ಪಾಲೂ ಕಡಿಮೆ ಎಂಬ ಮಾತನ್ನು ಮೊದಲ ದಿನವೇ ಆಡಿಕೊಂಡಿದ್ದರು. ಆಡಿದ ಮಾತು ನಿಲ್ಲುವುದೋ ಇಲ್ಲವೋ ಎಂಬುದು ಬೆಳೆ ಕಡಿಮೆಯಾದಾಗ ತಾನೆ ಗೊತ್ತಾಗುವುದು?

ಈ ಬಗೆಯ ಏರ್ಪಾಟು ಹೊರದೇಶಗಳಲ್ಲಿಯೂ ಇದೆ. ಜಪಾನಿನಲ್ಲಿ ವಿಷದ ಆಹಾರಕ್ಕೆ ಹೆದರಿದ ಗೃಹಿಣಿಯರು ರೈತರ ಬಳಿಗೇ ಹೋಗಿ ಒಪ್ಪಂದ ಮಾಡಿಕೊಂಡರು. ಅಲ್ಲಿ ಸಾವಯವ ಕೃಷಿ ಸಂಘ ಹುಟ್ಟಿದ್ದು 1971ರಲ್ಲಿ. ಅಮೆರಿಕದಲ್ಲಿ 1986ರಲ್ಲಿ ಎರಡು ಸಣ್ಣ ತೋಟಗಳು ಇದೇ ದಾರಿ ಹಿಡಿದವು. ಆಮೇಲೆ ಅದು ದೇಶದ ತುಂಬ ಹರಡಿತು. ವರ್ಷದ ಮೊದಲೇ ಹಣ ಕೊಡುವುದು, ಬೆಳೆ ಬಂದರೂ ಹೋದರೂ ಜೊತೆಗಿರುವುದು, ಇದೇ ಅದರ ತಿರುಳು. ನಮ್ಮ ಕರ್ನಾಟಕ ಸರ್ಕಾರವೂ 2004ರಲ್ಲಿ ಸಾವಯವ ಕೃಷಿ ನೀತಿಯನ್ನು ಹೊರತಂದಿತು. ದೊಡ್ಡಬಳ್ಳಾಪುರದ ಕಡೆಯ ಎಲ್. ನಾರಾಯಣರೆಡ್ಡಿಯವರು 2019ರಲ್ಲಿ ಲಿಂಗೈಕ್ಯರಾದವರಂತೆ ಶಾಂತವಾಗಿ ಹೊರಟುಹೋದರು. ಬದುಕಿರುವವರೆಗೂ ಹಳ್ಳಿಹಳ್ಳಿ ತಿರುಗಿ ಮಣ್ಣಿನ ಪಾಠ ಹೇಳಿದರು. ಮಂಡ್ಯ ಜಿಲ್ಲೆಯ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ಎಂಬ ರೈತರು ನೂರಾರು ಬಗೆಯ ಭತ್ತದ ತಳಿಗಳನ್ನು ಬಿತ್ತಿ ಉಳಿಸಿಕೊಂಡು ಬಂದಿದ್ದಾರೆ. ಇವರೆಲ್ಲ ಮಾಡಿದ್ದು ಕಾಯಕವೇ.

ಆದರೆ ನಮ್ಮ ನೆಲಕ್ಕೆ ಈ ವಿಚಾರ ಹೊಸದೇ? ತಮ್ಮಲ್ಲಿ ವಯಸ್ಸಾದವರಿಗೆ ಹಳೆಯ ಕಣಗಳ ನೆನಪಿರಬಹುದು. ರಾಶಿ ಪೂಜೆಯಾಗುವವರೆಗೆ ಒಂದು ಕಾಳೂ ಮನೆಗೆ ಹೋಗುತ್ತಿರಲಿಲ್ಲ. ನೇಗಿಲು ಮಾಡಿಕೊಟ್ಟ ಆಚಾರಿ, ಕುಳ ಕಾಯಿಸಿಕೊಟ್ಟ ಕಮ್ಮಾರ, ಮಡಕೆ ಕೊಟ್ಟ ಕುಂಬಾರ, ಬಟ್ಟೆ ಒಗೆದ ಮಡಿವಾಳ, ಕ್ಷೌರಿಕ, ನೀರು ತಿರುಗಿಸಿದ ನೀರಗಂಟಿ, ಇವರಿಗೆಲ್ಲ ಕಣದಲ್ಲೇ ಅಳೆದು ಕೊಟ್ಟು, ಉಳಿದದ್ದನ್ನು ಮನೆಗೆ ಹೊರುತ್ತಿದ್ದರು. ಬೆಳೆ ಹೆಚ್ಚಾದರೆ ಎಲ್ಲರಿಗೂ ಹೆಚ್ಚು, ಕಡಿಮೆಯಾದರೆ ಎಲ್ಲರಿಗೂ ಕಡಿಮೆ. ಆಯಗಾರರ ಪದ್ಧತಿ ಎಂದು ಇದಕ್ಕೆ ಹೆಸರು.

ಇದನ್ನು ಹೇಳುವಾಗ ನಾವು ಇನ್ನೊಂದನ್ನೂ ಹೇಳಬೇಕು. ಇಲ್ಲದಿದ್ದರೆ ಸತ್ಯಕ್ಕೆ ಅಪಚಾರವಾಗುತ್ತದೆ. ಆ ಕಣದಲ್ಲಿ ಎಲ್ಲರಿಗೂ ಪಾಲಿತ್ತು, ನಿಜ. ಎಲ್ಲರಿಗೂ ಸಮನಾದ ಜಾಗ ಇರಲಿಲ್ಲ. ಗದ್ದೆಯಲ್ಲಿ ಎಲ್ಲರಿಗಿಂತ ಹೆಚ್ಚು ದುಡಿದವನು ಕಣದ ಹೊರಗೆ ನಿಂತು ಸೆರಗೊಡ್ಡಬೇಕಾಗಿತ್ತು. ಹನ್ನೆರಡನೆಯ ಶತಮಾನದಲ್ಲಿ ಶರಣರು ಮುರಿದದ್ದು ಈ ಗೆರೆಯನ್ನೇ. ಕಾಯಕ ಮಾಡುವವರಲ್ಲಿ ಮೇಲಿಲ್ಲ, ಕೀಳಿಲ್ಲ ಎಂದರು. ಒಕ್ಕಲಿಗ ಮುದ್ದಣ್ಣನವರು ಬೇಸಾಯದ ಕೆಲಸದಲ್ಲೇ ಶಿವಯೋಗ ಕಂಡು ವಚನ ನುಡಿದರು. ನಮಗೆ ಬೇಕಾದದ್ದು ಹಳೆಯ ಕಣದ ಹಂಚಿಕೆ. ಹಳೆಯ ಕಣದ ಗೆರೆಯಲ್ಲ.

ಈಗ ಆ ಭಕ್ತರ ಗದ್ದೆಗೆ ಬರೋಣ. 2023ನೆಯ ಇಸವಿ. ಯುಗಾದಿಗೆ ಹದಿನೈದು ಮನೆಯವರೂ ಅರ್ಧ ಹಣ ಕೊಟ್ಟರು. ಅದರಿಂದ ಗೊಬ್ಬರದ ಗುಂಡಿ ಬಗೆದು ಹೊಡೆದರು, ಸೆಣಬು ಬಿತ್ತಿದರು. ಹೂವಾಗುವ ಮೊದಲು ಸೆಣಬನ್ನು ಉತ್ತು ಮಣ್ಣಿಗೆ ಸೇರಿಸಿದರೆ ಅದೇ ಗೊಬ್ಬರ. ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಆ ಗಿಡಕ್ಕಿದೆ. ತಾನು ಬೆಳೆದು, ತಾನೇ ಮಣ್ಣಾಗಿ, ಮುಂದೆ ಬರುವ ಪೈರಿಗೆ ಅನ್ನವಾಗುತ್ತದೆ. ದಾಸೋಹ ಎಂದರೇನು ಎಂದು ಮಕ್ಕಳು ಕೇಳಿದರೆ ಒಂದು ಸೆಣಬಿನ ಗಿಡವನ್ನು ತೋರಿಸಿ, ಸಾಕು.

ಆದರೆ ಆ ವರ್ಷ ಆರಿದ್ರಾ ಮಳೆ ಕೈಕೊಟ್ಟಿತು. ಒಟ್ಲು ಹಾಕುವುದು ತಡವಾಯಿತು. ಜುಲೈನಲ್ಲಿ ಒಂದಷ್ಟು ಮಳೆ ಬಂದು ಆಸೆ ಹುಟ್ಟಿಸಿತು. ಆಮೇಲೆ ಆಗಸ್ಟ್ ಬಂತು. 1901ರಿಂದ ದೇಶದಲ್ಲಿ ಮಳೆಯ ಲೆಕ್ಕ ಇಟ್ಟ ಕಾಲದಿಂದ ಅಷ್ಟು ಒಣಗಿದ ಆಗಸ್ಟ್ ಬಂದಿರಲಿಲ್ಲ. ಸೆಪ್ಟೆಂಬರಿನಲ್ಲಿ ಸರ್ಕಾರ ನಾಡಿನ 195 ತಾಲ್ಲೂಕುಗಳನ್ನು ಬರಪೀಡಿತ ಎಂದು ಸಾರಿತು. ಆಮೇಲೆ ಆ ಪಟ್ಟಿ ಇನ್ನೂ ಬೆಳೆಯಿತು. ಕಾವೇರಿಯ ನೀರಿಗಾಗಿ ಬೀದಿಯಲ್ಲಿ ಕೂಗು ಎದ್ದಿತು. ಇದು ತಮಗೆಲ್ಲ ನೆನಪಿದೆ.

ಎರಡು ಎಕರೆಗೆ ನೀರು ಸಾಲದು ಎಂದು ಕಂಡಾಗ ನಮ್ಮ ಭಕ್ತರು ಒಂದು ಎಕರೆಗೆ ಮಾತ್ರ ನಾಟಿ ಹಾಕಿಸಿದರು. ಇನ್ನೊಂದು ಎಕರೆಗೆ ರಾಗಿ, ಹುರುಳಿ ಚೆಲ್ಲಿದರು. ನಾಟಿ ಹಾಕಿದ ಗದ್ದೆಯಲ್ಲಿಯೂ ನೀರು ನಿಲ್ಲಿಸಲಿಲ್ಲ. ಭತ್ತಕ್ಕೆ ಸದಾ ನೀರು ನಿಂತಿರಬೇಕೆಂಬುದು ನಮ್ಮ ರೂಢಿಯೇ ಹೊರತು ಭತ್ತದ ಹಟವಲ್ಲ. ನೆಲ ಸಣ್ಣಗೆ ಬಿರುಕು ಬಿಡುವಾಗ ನೀರು ಕೊಟ್ಟು, ಮತ್ತೆ ಆರಲು ಬಿಟ್ಟು, ಮತ್ತೆ ಕೊಟ್ಟರೂ ಪೈರು ಬರುತ್ತದೆ. ಆದರೆ ನೀರು ನಿಲ್ಲದ ಕಡೆ ಕಳೆ ಹೆಚ್ಚು. ಔಷಧಿ ಹೊಡೆಯುವುದಿಲ್ಲ ಎಂದ ಮೇಲೆ ಕಳೆಯನ್ನು ಕೈಯಲ್ಲೇ ಕೀಳಬೇಕು. ಕೂಲಿಗೆ ಹಣ ಎಲ್ಲಿಂದ ಬರಬೇಕು?

ಆಗ ಹದಿನೈದು ಮನೆಯವರಿಗೂ ಹೇಳಿಕಳಿಸಿದರು. ಎರಡು ಭಾನುವಾರ ಕೆಲವರು ಬಂದು ಗದ್ದೆಗೆ ಇಳಿದರು. ಪೇಟೆಯಲ್ಲಿ ಬೆಳೆದವರಿಗೆ ಕಳೆ ಯಾವುದು, ಪೈರು ಯಾವುದು ಎಂದು ತಿಳಿಯಬೇಕಲ್ಲ! ಭತ್ತವನ್ನೇ ಹೋಲುವ ಹುಲ್ಲೂ ಇರುತ್ತದೆ. ಹೊಡೆ ಬರುವವರೆಗೂ ಅದು ತನ್ನ ಗುಟ್ಟು ಬಿಟ್ಟುಕೊಡುವುದಿಲ್ಲ. ಒಬ್ಬರು ಕಳೆಯ ಜೊತೆಗೆ ಪೈರನ್ನೂ ಕಿತ್ತು ಬದುವಿನ ಮೇಲೆ ಗುಡ್ಡೆ ಹಾಕಿದ್ದರು. ಕೂಲಿಗೆ ಬಂದಿದ್ದ ಮುದುಕಿಯೊಬ್ಬಳು ನೋಡಿ, “ಅಯ್ಯೋ ನಮ್ಮಪ್ಪ, ನೀವು ಮನೇಗೋಗಿ ಊಟ ಮಾಡಿ, ಅದೇ ನಮಗೆ ದೊಡ್ಡ ಉಪಕಾರ” ಎಂದಳಂತೆ. ಆಮೇಲೆ ಅವಳೇ ಅವರ ಕೈ ಹಿಡಿದು ಬುಡ ಮುಟ್ಟಿಸಿ, ಇದು ಪೈರು, ಇದು ಕಳೆ ಎಂದು ಕಲಿಸಿದಳು. ಆ ದಿನ ಆ ಗದ್ದೆಯಲ್ಲಿ ಗುರು ಯಾರು, ಶಿಷ್ಯರು ಯಾರು? ಓದಿದವರು ಶಿಷ್ಯರು, ಅಕ್ಷರ ಬಾರದ ಆ ತಾಯಿ ಗುರು. ನಮ್ಮ ಮನಸ್ಸಿನೊಳಗೂ ಹಾಗೆಯೇ ಭಕ್ತಿಯನ್ನೇ ಹೋಲುವ ಕಳೆ ಬೆಳೆದಿರುತ್ತದೆ. ಬುಡ ಮುಟ್ಟಿ ತೋರಿಸುವವರಿಲ್ಲದಿದ್ದರೆ ನಾವು ಪೈರು ಕಿತ್ತು ಕಳೆ ಉಳಿಸಿಕೊಳ್ಳುತ್ತೇವೆ.

ಕೊಯ್ಲಾಯಿತು. ಅರಿ ಒಣಗಿಸಿ, ಹೊರೆ ಕಟ್ಟಿ, ಬಡಿದು, ತೂರಿ ನೋಡಿದರೆ ಆ ಎಕರೆಯಲ್ಲಿ ಬಂದದ್ದು ಹನ್ನೊಂದು ಕ್ವಿಂಟಲ್ ಭತ್ತ. ಕೆಲಸ ಮಾಡಿದವರಿಗೆ ಮೊದಲು ಅಳೆದರು. ಬಿತ್ತನೆಗೆ ತೆಗೆದಿಟ್ಟರು. ಉಳಿದದ್ದು ಅಕ್ಕಿಯಾಗಿ ಹದಿನಾರು ಪಾಲಾದಾಗ ಮನೆಗೆ ನಲವತ್ತು ಕಿಲೋ ಆಯಿತು. ನೂರು ಕಿಲೋಗೆ ಹಣ ಕೊಟ್ಟವರಿಗೆ ನಲವತ್ತು ಕಿಲೋ.

ಆ ಭಕ್ತರು ಹದಿನೈದು ಮನೆಯವರನ್ನೂ ಕಣಕ್ಕೆ ಕರೆದು, ಕೈಮುಗಿದು, ಕಡಿಮೆಯಾದ ಅರವತ್ತು ಕಿಲೋದ ಹಣವನ್ನು ಮುಂದಿನ ವರ್ಷದೊಳಗೆ ತೀರಿಸುತ್ತೇನೆ ಎಂದರು. ಕರಾರಿನ ಪ್ರಕಾರ ತೀರಿಸಬೇಕಾದ್ದೇನೂ ಇರಲಿಲ್ಲ. ಆದರೆ ರೈತನ ಮನಸ್ಸು ನೋಡಿ. ಮಳೆ ಹೋದದ್ದಕ್ಕೂ ತಾನೇ ಸಾಲಗಾರ ಎಂದುಕೊಳ್ಳುತ್ತಾನೆ. ಆಗ ಬಂದವರಲ್ಲಿ ಒಬ್ಬ ತಾಯಿ, ಚಿಕ್ಕ ಸಂಬಳದ ಕೆಲಸದಲ್ಲಿರುವವರು, ಒಂದು ಮಾತು ಹೇಳಿದರು. “ಅಣ್ಣ, ಅಕ್ಕಿ ಕಮ್ಮಿ ಬಂತು ಅಂತ ದುಡ್ಡು ಈಸ್ಕೊಂಡ್ರೆ ನಾವು ಅಂಗಡಿಗೆ ಹೋದಂಗೇ ಆಯ್ತಲ್ವಾ? ಮಳೆ ನಿಮ್ಮೊಬ್ಬರಿಗೇ ಹೋಯ್ತಾ? ನಮಗೂ ಹೋಯ್ತು.”

ಶರಣ ಬಂಧುಗಳೇ, ದಾಸೋಹದ ಮೇಲೆ ನಾವು ಎಷ್ಟೋ ಉಪನ್ಯಾಸ ಮಾಡಿದ್ದೇವೆ. ಮಳೆ ನಮಗೂ ಹೋಯ್ತು ಎಂಬ ಆ ತಾಯಿಯ ಮಾತು ಅವೆಲ್ಲಕ್ಕಿಂತ ತೂಕವಾದದ್ದು.

ಹದಿನೈದರಲ್ಲಿ ಹನ್ನೆರಡು ಮನೆಯವರು ಹಣ ಬೇಡವೆಂದರು. ಮೂರು ಮನೆಯವರು ತೆಗೆದುಕೊಂಡರು. ಆ ಮೂವರನ್ನು ಯಾರೂ ಹಗುರವಾಗಿ ಕಾಣಬಾರದು. ಅದರಲ್ಲಿ ಒಂದು ಮನೆಯಲ್ಲಿ ದಿನಗೂಲಿಯ ಹೊರತು ಬೇರೆ ವರಮಾನವಿಲ್ಲ. ಆ ವರ್ಷ ಕೂಲಿಯೂ ಇರಲಿಲ್ಲ. ನಷ್ಟ ಹಂಚಿಕೊಳ್ಳುವುದಕ್ಕೂ ಕೈಯಲ್ಲಿ ನಾಲ್ಕು ಕಾಸು ಬೇಕು. ಆದ್ದರಿಂದ ನಷ್ಟವನ್ನು ತಲೆ ಎಣಿಸಿ ಹಂಚಬಾರದು, ಶಕ್ತಿ ನೋಡಿ ಹಂಚಬೇಕು. ಇರುವವರು ಹೆಚ್ಚು ಹೊರಬೇಕು, ಇಲ್ಲದವರು ಕಡಿಮೆ ಹೊರಬೇಕು. ಬೆಟ್ಟದ ನೀರು ತಗ್ಗಿಗೆ ಹರಿದರೆ ಅದು ಧರ್ಮ. ಬರದ ಭಾರ ಮಾತ್ರ ತಗ್ಗಿನಲ್ಲಿದ್ದವನ ತಲೆಯ ಮೇಲೇ ಬೀಳಬೇಕೆಂದರೆ ಅದು ಯಾವ ಧರ್ಮ?

ಮಠಗಳು ನಿಂತಿರುವುದೂ ಇದೇ ಹಂಚಿಕೆಯ ಮೇಲೆ. ಸಿದ್ಧಗಂಗೆಯ ಶ್ರೀ ಶಿವಕುಮಾರ ಮಹಾಸ್ವಾಮಿಗಳು ಸಾವಿರಾರು ಮಕ್ಕಳ ಅನ್ನಕ್ಕಾಗಿ ಹಳ್ಳಿಹಳ್ಳಿ ತಿರುಗಿ ದವಸ ಕೂಡಿಸಿದರು. 2019ರಲ್ಲಿ, ನೂರ ಹನ್ನೊಂದರ ವಯಸ್ಸಿನಲ್ಲಿ ಅವರು ಲಿಂಗೈಕ್ಯರಾದರು. ಅಲ್ಲಿಯ ಒಲೆ ಮಾತ್ರ ಆರಲಿಲ್ಲ. ರಾಗಿ ಬೆಳೆದವನು ಮಠಕ್ಕೆ ಒಂದು ಮೂಟೆ ಎಂದು ಮೊದಲೇ ಎತ್ತಿಡುತ್ತಾನೆ, ಅದಕ್ಕೇ ಅಲ್ಲಿಯ ಒಲೆ ಉರಿಯುತ್ತದೆ. ನಮ್ಮ ಮೈಸೂರು ಸೀಮೆಯ ಸುತ್ತೂರಿನ ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳು ಮೈಸೂರಿನಲ್ಲಿ ಪ್ರಸಾದನಿಲಯ ತೆರೆದ ಮೊದಲ ವರ್ಷಗಳಲ್ಲಿ ಮಕ್ಕಳ ಊಟಕ್ಕೆ ಸಾಲದೆ ಬಂದಾಗ ತಮ್ಮ ಚಿನ್ನದ ಕರಡಿಗೆಯನ್ನೇ ಮಾರಿದರೆಂಬುದು ಈ ಸೀಮೆಯ ಹಿರಿಯರೆಲ್ಲ ಬಲ್ಲ ಮಾತು. ಲಿಂಗ ಎದೆಯ ಮೇಲಿರಲು ಚಿನ್ನವೇ ಬೇಕೆಂದಿಲ್ಲ. ಮಗು ಹಸಿದಿರಬಾರದು ಎಂಬುದು ಅವರ ನಿಲುವು. ಕೊರತೆ ಬಂದಾಗ ಅವರು ಅದನ್ನು ಮಕ್ಕಳ ತಟ್ಟೆಯ ಮೇಲೆ ಹಾಕಲಿಲ್ಲ, ತಮ್ಮ ಮೈಮೇಲೆ ಹಾಕಿಕೊಂಡರು.

ಮುಂದಿನ ವರ್ಷಕ್ಕೆ ಬರೋಣ. 2024ರಲ್ಲಿ ದೇವರು ಕಣ್ಣು ತೆರೆದ. ಜುಲೈ ತಿಂಗಳೊಳಗೆ ಕನ್ನಂಬಾಡಿ ಕಟ್ಟೆ ತುಂಬಿತು. ನಮ್ಮ ಭಕ್ತರು ಎರಡು ಎಕರೆಗೂ ನಾಟಿ ಹಾಕಿಸಿದರು. ಜೀವಾಮೃತ ಕೊಟ್ಟರು. ಹತ್ತು ಕಿಲೋ ಸಗಣಿ, ಗಂಜಲ, ಎರಡು ಕಿಲೋ ಬೆಲ್ಲ, ಎರಡು ಕಿಲೋ ದ್ವಿದಳ ಧಾನ್ಯದ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು, ಇನ್ನೂರು ಲೀಟರ್ ನೀರು. ನೆರಳಿನಲ್ಲಿಟ್ಟು ದಿನವೂ ತಿರುವಿದರೆ ಒಂದು ಎಕರೆಗೆ ಆಗುತ್ತದೆ. ಅದು ಪೈರಿಗೆ ನೇರವಾಗಿ ಊಟವಲ್ಲ, ಮಣ್ಣಿನೊಳಗಿನ ಕಣ್ಣಿಗೆ ಕಾಣದ ಜೀವಿಗಳಿಗೆ ಊಟ. ಅವು ಪೈರಿಗೆ ಉಣಿಸುತ್ತವೆ. ಕಾಂಡಕೊರಕ ಹುಳು ಬಂದಿತ್ತು. ಗದ್ದೆಯ ನಡುವೆ ಅಲ್ಲಲ್ಲಿ ಕವೆಗೋಲು ನೆಟ್ಟರು. ಹಕ್ಕಿಗಳು ಬಂದು ಕುಳಿತು ಹುಳು ಆರಿಸಿದವು. ಸ್ವಲ್ಪ ಬೆಳೆ ಹುಳುವಿನ ಪಾಲಾಯಿತು. ಆಗಲಿ, ಗದ್ದೆಯಲ್ಲಿ ಹುಳುವಿಗೂ ಒಂದು ಪಾಲಿದೆ, ಹಕ್ಕಿಗೂ ಒಂದು ಪಾಲಿದೆ. ಎರಡು ಎಕರೆಯಲ್ಲಿ ಮೂವತ್ತೆರಡು ಕ್ವಿಂಟಲ್ ಭತ್ತ, ಅಂದರೆ ಹೆಚ್ಚುಕಡಿಮೆ ಇಪ್ಪತ್ತು ಕ್ವಿಂಟಲ್ ಅಕ್ಕಿ ಆಯಿತು.

ಕಷ್ಟದ ಪರೀಕ್ಷೆ ಮುಗಿಯಿತು, ಸುಖದ ಪರೀಕ್ಷೆ ಬಂತು. ಒಬ್ಬ ವ್ಯಾಪಾರಿ ಮನೆ ಬಾಗಿಲಿಗೆ ಬಂದ. ಔಷಧಿ ಇಲ್ಲದ ರಾಜಮುಡಿಗೆ ಪೇಟೆಯಲ್ಲಿ ಬೆಲೆ ಇದೆ, ಇಡೀ ರಾಶಿಯನ್ನು ನನಗೆ ಕೊಡಿ, ಆ ಹದಿನೈದು ಮನೆಯವರು ಕೊಟ್ಟದ್ದಕ್ಕಿಂತ ಬಹಳ ಹೆಚ್ಚು ಕೊಡುತ್ತೇನೆ, ಅವರ ಹಣವನ್ನು ಅವರಿಗೆ ಹಿಂದಕ್ಕೆ ಕೊಟ್ಟುಬಿಡಿ ಎಂದ. ನಮ್ಮ ಭಕ್ತರ ಮೇಲೆ ಸೊಸೈಟಿ ಸಾಲವಿತ್ತು, ಮಗಳ ಕಾಲೇಜಿನ ಖರ್ಚಿತ್ತು. ಎರಡು ದಿನ ನಿದ್ದೆ ಬರಲಿಲ್ಲವಂತೆ. ಮೂರನೆಯ ದಿನ ಮಠಕ್ಕೆ ಬಂದು ಕುಳಿತರು. “ಬುದ್ಧಿ, ಏನು ಮಾಡ್ಲಿ?” ಎಂದರು.

ನಾವು ಹೀಗೆ ಮಾಡು ಎನ್ನಲಿಲ್ಲ. ಆಯ್ದಕ್ಕಿ ಮಾರಯ್ಯನವರ ಮನೆಯ ಕಥೆ ನಿನಗೆ ಗೊತ್ತಲ್ಲಪ್ಪ, ಅದನ್ನು ಇನ್ನೊಂದು ಸಾರಿ ನೆನೆದುಕೋ ಎಂದೆವು.

ತಾವೂ ನೆನೆದುಕೊಳ್ಳಿ. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಬಡ ದಂಪತಿಗಳು ಮಾರಯ್ಯ, ಲಕ್ಕಮ್ಮ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಅದರಲ್ಲೇ ಅಡಿಗೆ, ಅದರಲ್ಲೇ ಜಂಗಮ ದಾಸೋಹ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಬಂತು. ಲಕ್ಕಮ್ಮ ಸಂತೋಷಪಡಲಿಲ್ಲ. ಇಷ್ಟು ನಮಗೆ ಏಕೆ, ಹೆಚ್ಚಿನದನ್ನು ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿ ಎಂದಳು. ಬಡತನ ಅವಳಿಗೆ ಭಯವಾಗಿರಲಿಲ್ಲ. ಅಗತ್ಯಕ್ಕಿಂತ ಹೆಚ್ಚಾದ ಒಂದು ಹಿಡಿ ಅಕ್ಕಿಯೊಳಗೆ ಆಸೆ ಕುಳಿತಿದೆ ಎಂಬುದು ಅವಳಿಗೆ ಭಯವಾಗಿತ್ತು.

ಆ ಭಕ್ತರು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದು, ಎದ್ದು ನಮಸ್ಕಾರ ಮಾಡಿ ಹೋದರು. ಮಾಡಿದ್ದೇನು ಎಂಬುದು ನಮಗೆ ಆಮೇಲೆ ತಿಳಿಯಿತು. ಹದಿನಾರು ಪಾಲನ್ನೂ ಪೂರ್ತಿ ಅಳೆದರು. ಹಿಂದಿನ ವರ್ಷ ಹಣ ಹಿಂದಕ್ಕೆ ಪಡೆದ ಮೂರು ಮನೆಗಳಿಗೂ ಹೇಳಿಕಳಿಸಿ, ಪಾಲು ಕೊಟ್ಟು, ಹಣ ಆದಾಗ ಕೊಡಿ ಎಂದರು. ಬಿತ್ತನೆ ಎತ್ತಿಟ್ಟರು. ಆಮೇಲೆ ಉಳಿದ ಅಕ್ಕಿಯನ್ನು ಅದೇ ವ್ಯಾಪಾರಿಗೆ ಒಳ್ಳೆಯ ಬೆಲೆಗೆ ಕೊಟ್ಟು ಮಗಳ ಕಾಲೇಜಿಗೆ ಕಟ್ಟಿದರು. ಇದರಲ್ಲಿ ತಪ್ಪೇನಿದೆ? ರೈತ ಹಣ ನೋಡಬಾರದೆಂದು ಯಾವ ಶರಣರೂ ಹೇಳಲಿಲ್ಲ. ಕೊಟ್ಟ ಮಾತು ಮೊದಲು, ಮಾರಾಟ ಆಮೇಲೆ, ಕ್ರಮ ಇಷ್ಟೇ. ಬರದಲ್ಲಿ ಕೈಬಿಡದವರನ್ನು ಸುಗ್ಗಿಯಲ್ಲಿ ಕೈಬಿಡಲಿಲ್ಲ ಎಂಬ ತೃಪ್ತಿ ಆ ಮನೆಯಲ್ಲಿ ಉಳಿಯಿತು.

ಇಷ್ಟು ಹೇಳಿದ ಮೇಲೆ ಈ ಸೀಮೆಯ ಇನ್ನೊಂದು ಬೆಳೆಯ ಮಾತು ಎತ್ತದಿದ್ದರೆ ಆಗುವುದಿಲ್ಲ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಕೃಷ್ಣರಾಜನಗರ, ಈ ಕಡೆ ಎಲ್ಲ ವರ್ಜೀನಿಯಾ ಹೊಗೆಸೊಪ್ಪು ಬೆಳೆಯುತ್ತೀರಿ. ಅದನ್ನು ಹದ ಮಾಡಲು ಬ್ಯಾರನ್ನುಗಳಲ್ಲಿ ಸೌದೆ ಉರಿಯುತ್ತದೆ. ಆ ಸೊಪ್ಪು ಸೇದುವವನ ಎದೆಗೆ ಏನು ಮಾಡುತ್ತದೆಂಬುದು ತಮಗೆ ಗೊತ್ತು. ನಾವು ಬೈಯುವುದಕ್ಕೆ ಈ ಮಾತು ಎತ್ತಲಿಲ್ಲ. ಮಳೆಯಾಶ್ರಯದ ನೆಲದಲ್ಲಿ ಕೈಗೆ ನಗದು ಬರುವ ಬೆಳೆ ಬೇರೆ ಇಲ್ಲ ಎನ್ನುತ್ತೀರಿ. ತಂಬಾಕಿಗೆ ಮಂಡಳಿ ಇದೆ, ಹರಾಜು ಕಟ್ಟೆ ಇದೆ, ಕೊಳ್ಳುವವರು ಸಾಲಾಗಿ ಬಂದು ನಿಲ್ಲುತ್ತಾರೆ. ರಾಗಿಗೆ, ಅವರೆಗೆ, ಸಣ್ಣ ರೈತನ ಭತ್ತಕ್ಕೆ ಯಾರು ಬಂದು ನಿಲ್ಲುತ್ತಾರೆ? ನಿಮ್ಮ ಮಾತಿನಲ್ಲಿ ನ್ಯಾಯವಿದೆ. ಆದರೆ ಒಂದು ಪ್ರಶ್ನೆ. ಹಸಿದು ಬಾಗಿಲಿಗೆ ಬಂದವನಿಗೆ ಹೊಗೆಸೊಪ್ಪು ಬೆಳೆದ ಮನೆ ತನ್ನ ಹೊಲದಿಂದ ಏನು ನೀಡುತ್ತದೆ? ಅಕ್ಕಿಯನ್ನು ಅಂಗಡಿಯಿಂದ ತಂದು ನೀಡಬೇಕು. ಆದ್ದರಿಂದ ತಪ್ಪು ಬೆಳೆಯುವವನದು ಮಾತ್ರ ಎನ್ನಬೇಡಿ. ಸೇದುವವನಿಗಾಗಿ ಹರಾಜು ಕಟ್ಟೆ ಕಟ್ಟಿಕೊಟ್ಟ ಸಮಾಜ ಉಣ್ಣುವವನಿಗಾಗಿ ಒಂದು ಕಟ್ಟೆ ಕಟ್ಟಲಿಲ್ಲ. ಹದಿನೈದು ಮನೆಯವರು ಯುಗಾದಿಯ ದಿನ ಕೈಯಲ್ಲಿ ಹಣ ಹಿಡಿದು ಹೊಲದ ಬದುವಿಗೆ ಬಂದರೆ ಅದೇ ಆ ಕಟ್ಟೆ.

ವಿಷದ ವಿಚಾರವನ್ನೂ ಒಂದು ಮಾತಿನಲ್ಲಿ ಹೇಳುತ್ತೇವೆ. ಕಾಸರಗೋಡಿನ ಗಡಿಯಲ್ಲಿ, ಎಣ್ಮಕಜೆಯ ಕಡೆ, ನಮ್ಮದೇ ಕನ್ನಡ ಮಾತನಾಡುವ ಮನೆಗಳ ಪಕ್ಕದ ಗೇರು ತೋಟಗಳ ಮೇಲೆ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಆಕಾಶದಿಂದ ಎಂಡೋಸಲ್ಫಾನ್ ಸುರಿದರು. ಎಷ್ಟು ಮಕ್ಕಳ ಬಾಳು ಅಲ್ಲಿ ಕಮರಿತು! 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೆಲ್ಲ ನಿಲ್ಲಿಸಿತು. ಅದು ದೂರದ ಮಾತು ಎನ್ನಬೇಡಿ. ನಮ್ಮ ಹಳ್ಳಿಗಳಲ್ಲಿಯೇ ಕೆಲವರು ಮಾರಾಟಕ್ಕೊಂದು ಮಡಿ, ಮನೆಗೊಂದು ಮಡಿ ಬೆಳೆಯುತ್ತಾರೆ. ಮನೆಯ ಮಡಿಗೆ ಔಷಧಿ ಹೊಡೆಯುವುದಿಲ್ಲ. ಏಕೆ ಹೊಡೆಯುವುದಿಲ್ಲ? ಅದು ವಿಷ ಎಂದು ಗೊತ್ತಿದೆ. ಗೊತ್ತಿದ್ದೂ ಇನ್ನೊಬ್ಬರ ಮಗುವಿಗೆ ಉಣಿಸುವುದಾದರೆ ಹಣೆಯ ಮೇಲಿನ ವಿಭೂತಿಗೆ ಅರ್ಥವೇನು? ಆದರೆ ಉಣ್ಣುವವರೂ ಕೇಳಿ. ರೈತ ನಿಮ್ಮ ಮಗುವಿನ ಮುಖ ನೋಡಿಲ್ಲ, ನೀವು ಅವನ ಗದ್ದೆಯ ಮುಖ ನೋಡಿಲ್ಲ. ಮುಖ ನೋಡದವರ ನಡುವೆ ವಿಷ ಸುಲಭವಾಗಿ ನುಸುಳುತ್ತದೆ. ಆ ಎರಡು ಎಕರೆಯಲ್ಲಿ ಮಡಿ ಒಂದೇ, ಏಕೆಂದರೆ ಉಣ್ಣುವ ಹದಿನೈದು ಮನೆಯ ಮಕ್ಕಳೂ ಆ ಬದುವಿನ ಮೇಲೆ ಓಡಾಡಿದ್ದಾರೆ.

ಈಗ ತಮ್ಮಿಂದ ನಾವು ಬಯಸುವುದನ್ನು ಹೇಳಿ ಮುಗಿಸುತ್ತೇವೆ.

ಊರಿನಲ್ಲಿ, ಪೇಟೆಯಲ್ಲಿ ಸಂಬಳದ ಮೇಲೆ ಬಾಳುವ ಭಕ್ತರು ಹತ್ತು ಹದಿನೈದು ಮನೆ ಸೇರಿ ಒಬ್ಬ ಸಣ್ಣ ರೈತನನ್ನು ಹಿಡಿದುಕೊಳ್ಳಿ. ಹಣವನ್ನು ಯುಗಾದಿಗೆ ಕೊಡಿ; ಬಿತ್ತುವಾಗ ಕೈಯಲ್ಲಿ ಹಣವಿದ್ದರೆ ಅವನು ಬಡ್ಡಿಗೆ ಹೋಗುವುದಿಲ್ಲ. ವರ್ಷಕ್ಕೆ ಮೂರು ಸಾರಿಯಾದರೂ ಗದ್ದೆಗೆ ಹೋಗಿ, ನಾಟಿಗೊಮ್ಮೆ, ಕಳೆಗೊಮ್ಮೆ, ಕೊಯ್ಲಿಗೊಮ್ಮೆ. ಬೆಳೆ ಕಡಿಮೆಯಾದ ವರ್ಷ ಮುಖ ಕಿವುಚಬೇಡಿ. ನಿಮ್ಮಲ್ಲಿ ಇಲ್ಲದವರಿದ್ದರೆ ಅವರ ನಷ್ಟವನ್ನೂ ಇರುವವರು ಹೊತ್ತುಕೊಳ್ಳಿ.

ಬೆಳೆಯುವ ಭಕ್ತರೇ, ನೀವು ಲೆಕ್ಕ ಮುಚ್ಚಿಡಬೇಡಿ. ಎಷ್ಟು ಬಂತು, ಎಷ್ಟು ಹೋಯಿತು ಎಂಬುದನ್ನು ಕಣದಲ್ಲೇ ಎಲ್ಲರ ಎದುರು ಹೇಳಿ. ಕಷ್ಟಕ್ಕೆ ಸಿಕ್ಕಿ ಒಂದು ಸಾರಿ ಔಷಧಿ ಹೊಡೆದಿದ್ದರೆ ಹೊಡೆದೆ ಎಂದೇ ಹೇಳಿ. ಉಣ್ಣುವವರು ಕೋಪಿಸಿಕೊಂಡಾರು, ಆದರೆ ನಂಬಿಕೆ ಉಳಿಯುತ್ತದೆ. ನಾಟಿ ಹಾಕಿದ, ಕಳೆ ಕಿತ್ತ ತಾಯಂದಿರಿಗೆ ಮೊದಲ ಅಳತೆ. ಅವರನ್ನು ಕಣದ ಹೊರಗೆ ನಿಲ್ಲಿಸಬೇಡಿ. ಒಳಗೆ ಕರೆದು, ಕುಳ್ಳಿರಿಸಿ, ಅಳೆದು ಕೊಡಿ.

ಮಠದ ದಾಸೋಹಕ್ಕೆ ಮೂಟೆ ತರುವವರಿಗೂ ಒಂದು ಮಾತು. ದೊಡ್ಡ ಮೂಟೆ ಬೇಕಾಗಿಲ್ಲ. ನಿಮ್ಮ ಮನೆಯ ಮಗು ಉಣ್ಣುವ ಮಡಿಯಿಂದ ಒಂದು ಸೇರು ತನ್ನಿ. ಬರ ಬಂದ ವರ್ಷ ತರಲಾಗದಿದ್ದರೆ ಬರಿಗೈಯಲ್ಲೇ ಬಂದು ಪಂಕ್ತಿಯಲ್ಲಿ ಕುಳಿತು ಉಂಡು ಹೋಗಿ. ಆ ವರ್ಷ ಉಣ್ಣುವುದೇ ನಿಮ್ಮ ದಾಸೋಹ.

ಮಳೆ ಬೆಳೆ ಚೆನ್ನಾಗಿ ಆಗಲಿ. ಆಗದ ವರ್ಷ ಒಬ್ಬರನ್ನೊಬ್ಬರು ಬಿಡದಿರುವ ಬುದ್ಧಿಯನ್ನು ಬಸವಾದ್ಯ ಪ್ರಮಥರು ತಮಗೆಲ್ಲ ಕರುಣಿಸಲಿ ಎಂದು ಹಾರೈಸಿ ನಮ್ಮ ಈ ನಾಲ್ಕು ಮಾತುಗಳನ್ನು ಗುರುಚರಣಕ್ಕೆ ಒಪ್ಪಿಸುತ್ತೇವೆ.